ಅಪ್ಪ ಕ್ಯಾಂಪಿಗೆ ಬಂದ ಎರಡು ದಿನ

ಅಪ್ಪ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಶನಿವಾರ ಬೆಳಗ್ಗೆ ಹತ್ತೂವರೆ. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಎರಡು ಜೊತೆ ಬಟ್ಟೆ, ಇನ್ನೊಂದರಲ್ಲಿ ಹುರಿದ ಶೇಂಗಾ ಮತ್ತು ಮೂರು ಕೇಜಿ ರಾಗಿ ಹಿಟ್ಟು. ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಅಪ್ಪನ ಹತ್ತಿರ ಛತ್ರಿ ಇರಲಿಲ್ಲ. "ಜುಲೈ ತಿಂಗಳಲ್ಲಿ ಛತ್ರಿ ಇಲ್ದೆ ಯಾರಾದ್ರೂ ಈ ಕಡೆ ಬರ್ತಾರಾ?" ಅಂದೆ. ಅಪ್ಪ ನಗುತ್ತಾ "ಹೂಂ, ತಿಂಡಿ ಆಯ್ತು" ಅಂದ. ನಮ್ಮದು ಚಳ್ಳಕೆರೆ. ವರ್ಷವಿಡೀ ಸುರಿದರೂ ಮಳೆ 500 ಮಿಲಿಮೀಟರ್ ಮುಟ್ಟಲು ಒದ್ದಾಡುವ ಊರು. ನಮ್ಮಲ್ಲಿ ಛತ್ರಿ ಹಿಡಿಯುವುದು ಹೆಚ್ಚಾಗಿ ಬಿಸಿಲಿಗೆ. ಹಾಗಾಗಿ ಛತ್ರಿಯ ಮಾತು ಬಿಟ್ಟೆ. ತಿಂಡಿಯ ಮಾತು ಯಾಕೆ ಬಂತು ಎಂದು ಆಗ ಯೋಚಿಸಲಿಲ್ಲ.

ಅಪ್ಪ ಮಗಳನ್ನು ನೋಡುವ ಆಸೆಯಿಂದ ಬಂದ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಹಾಗೇನಲ್ಲ. ಅಕ್ಕನ ಬಾಣಂತನಕ್ಕೆಂದು ಅಮ್ಮ ದಾವಣಗೆರೆಗೆ ಹೋಗಿದ್ದಳು. ಅದೇ ವಾರ ನನ್ನ ಫೀಲ್ಡ್ ಅಸಿಸ್ಟೆಂಟ್ ಗದ್ದೆ ನಾಟಿಗೆ ಮೂರು ದಿನ ರಜೆ ಕೇಳಿದ್ದರು. ರಾತ್ರಿ ಹೊತ್ತು ಯಾರೂ ಒಬ್ಬರೇ ಹಳ್ಳಕ್ಕೆ ಇಳಿಯಬಾರದು ಎನ್ನುವುದು ನಮ್ಮ ಲ್ಯಾಬಿನ ಕಟ್ಟುನಿಟ್ಟಿನ ನಿಯಮ. ಹಾಗಂತ ಸುಮ್ಮನೆ ಕೂರುವಂತೆಯೂ ಇಲ್ಲ. ಕಪ್ಪೆಯವರಿಗೆ ಮಳೆಗಾಲದ ಒಂದೊಂದು ರಾತ್ರಿಯೂ ಒಂದೊಂದು ಸಂಬಳದ ಹಾಗೆ. ಅಮ್ಮನಿಗೆ ಫೋನ್ ಮಾಡಿ ಗೊಣಗಿದೆ. "ನಿಮ್ಮಪ್ಪ ಮನೇಲಿ ಸುಮ್ನೆ ಕುಂತವ್ರೆ, ಕರೆಸ್ಕೋ. ಇಲ್ಲಿ ಉಪವಾಸ ಬೀಳೋದೂ ತಪ್ತದೆ" ಅಂದಳು. ಅಪ್ಪನಿಗೆ ನಾನು ಫೋನ್ ಮಾಡಲಿಲ್ಲ, ಅವಳೇ ಹೇಳಿದಳು. ನಮ್ಮ ಮನೆಯಲ್ಲಿ ಅಪ್ಪನಿಗೆ ತಲುಪಬೇಕಾದ ಮಾತೆಲ್ಲ ಅಮ್ಮನ ಮೂಲಕವೇ ತಲುಪುವುದು.

ನನಗೆ ಇಪ್ಪತ್ತೆಂಟು. ನಾನೂ ಅಪ್ಪನೂ, ಮಧ್ಯೆ ಮೂರನೆಯವರಿಲ್ಲದೆ, ಒಂದಿಡೀ ದಿನ ಕಳೆದ ನೆನಪೇ ನನಗಿಲ್ಲ. ಅಪ್ಪ ಲಾರಿ ಡ್ರೈವರ್. ಮೊದಮೊದಲು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಲೋಡು ಹೊಡೆಯುತ್ತಿದ್ದ. ನಾನು ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಬಳ್ಳಾರಿ, ಹೊಸಪೇಟೆ ಕಡೆ ಅದಿರಿನ ಕಾಲ ಶುರುವಾಗಿತ್ತು. ಎಲ್ಲ ಡ್ರೈವರುಗಳ ಹಾಗೆ ಅಪ್ಪನೂ ಅತ್ತ ಹೋದ. ಹೊಸಪೇಟೆಯಲ್ಲಿ ಅದಿರು ತುಂಬಿಕೊಂಡು ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರೆಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ. ಟ್ರಿಪ್ಪಿನ ಮೇಲೆ ಟ್ರಿಪ್ಪು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮನೆಗೆ ಬಂದರೆ ತಲೆಗೂದಲು, ಕಿವಿ, ಉಗುರಿನ ಸಂದು ಎಲ್ಲ ಕೆಂಪು. ಬಚ್ಚಲಿನ ನೀರು ಕೆಂಪಗೆ ಹರಿಯುವುದನ್ನು ನಾನೂ ಅಕ್ಕನೂ ನಿಂತು ನೋಡುತ್ತಿದ್ದೆವು. ಸ್ನಾನ ಮುಗಿಸಿ ಮಲಗಿದವನು ಮರುದಿನ ಏಳುತ್ತಿದ್ದ. ಎದ್ದ ಮೇಲೆ ಹೊರಡುವ ಹೊತ್ತಾಗಿರುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಅಪ್ಪ ಸಿಮೆಂಟಿಗೆ, ಈರುಳ್ಳಿಗೆ, ಮತ್ತೆ ಶೇಂಗಾ ಎಣ್ಣೆಗೆ ಮರಳಿದ. ನಾಲ್ಕು ವರ್ಷದ ಹಿಂದೆ ಮಂಡಿ ನೋವು ಅಂತ ಸ್ಟೀರಿಂಗ್ ಬಿಟ್ಟು ಮನೆಯಲ್ಲಿ ಕೂತ. ಆಗವನಿಗೆ ಐವತ್ನಾಲ್ಕು ವರ್ಷ. ನನ್ನ ಫೆಲೋಶಿಪ್ಪಿನಿಂದ ಮನೆಗೆ ದುಡ್ಡು ಕಳಿಸುವುದು ಶುರುವಾಯಿತು. ಮಂಡಿ ನೋವಿಗೆ ಯಾರಾದರೂ ಕೆಲಸ ಬಿಡುತ್ತಾರಾ ಎಂದು ನನಗೆ ಒಳಗೊಳಗೇ ಸಿಟ್ಟಿತ್ತು. ಇದನ್ನು ಈಗ ಬರೆಯುವಾಗಲೂ ಕೈ ತಡೆಯುತ್ತದೆ.

ನಮ್ಮ ಕ್ಯಾಂಪ್ ಅಂದರೆ ಕತ್ತಲೆಕಾನಿನ ಆಚೆಗೆ, ಹೊನ್ನಾವರದ ದಾರಿಯಿಂದ ಒಳಗೆ, ಒಬ್ಬ ಅಡಿಕೆ ತೋಟದವರ ಹಳೆಯ ಕೊಟ್ಟಿಗೆಮನೆ. ತಗಡಿನ ಮಾಡು. ಎರಡು ಕೋಣೆ, ಒಂದು ಗ್ಯಾಸ್ ಒಲೆ, ಹಗ್ಗದ ತುಂಬ ಒಣಗದ ಬಟ್ಟೆ. ಹಿಂದಿನ ದಿಬ್ಬ ಹತ್ತಿದರೆ ಎರಡು ಕಡ್ಡಿ ನೆಟ್‌ವರ್ಕ್. ಅಪ್ಪ ಒಳಗೆ ಬಂದವನೇ ಚೀಲ ಇಟ್ಟು ಒಲೆಯ ಬರ್ನರ್ ಬಿಚ್ಚಿ ಸೂಜಿಯಿಂದ ಕ್ಲೀನ್ ಮಾಡಿದ. ಆಮೇಲೆ ಮುದ್ದೆ ಮಾಡಿದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮನೆಯಲ್ಲಿ ನೀರಿನ ಲೋಟವನ್ನೂ ಎತ್ತಿಡದ ಮನುಷ್ಯ! ಬಿಸಿ ನೀರಿಗೆ ಹಿಟ್ಟು ಸುರಿದು, ಕೋಲು ನೆಟ್ಟು, ಪಾತ್ರೆಯನ್ನು ಎರಡು ಪಾದಗಳ ನಡುವೆ ಹಿಡಿದು ತಿರುವಿದ ರೀತಿ ನೋಡಿದರೆ ಗಂಟು ಬೀಳುವ ಪ್ರಶ್ನೆಯೇ ಇರಲಿಲ್ಲ. "ಲಾರೀಲಿ ಮತ್ತೆ ಯಾರು ಮಾಡಿಕ್ಕೋರು?" ಅಂದ. ಹಸಿಮೆಣಸಿನಕಾಯಿ ಖಾರ, ಹುಣಸೆಹುಳಿಯ ನೀರುಸಾರು. ಎರಡು ತಿಂಗಳಿಂದ ಕುಚ್ಚಲಕ್ಕಿ ಗಂಜಿ ತಿಂದು ಬೇಸತ್ತಿದ್ದ ನಾನು ಎರಡು ಮುದ್ದೆ ನುಂಗಿ ಗೋಡೆಗೊರಗಿದೆ. ಇಷ್ಟು ಚೆನ್ನಾಗಿ ಅಡುಗೆ ಬರುವವನು ಮೂವತ್ತು ವರ್ಷ ಮನೆಯಲ್ಲಿ ಅದನ್ನು ಮುಚ್ಚಿಟ್ಟಿದ್ದಾದರೂ ಹೇಗೆ ಎಂದು ಕೇಳಿದೆ. ಅಪ್ಪ ಮತ್ತೆ ನಕ್ಕ. ಅದು ಅವನ ಎಲ್ಲ ಪ್ರಶ್ನೆಗಳಿಗೂ ಇರುವ ಉತ್ತರ.

ಮಧ್ಯಾಹ್ನ ಕೆಲಸ ಹೇಳಿಕೊಟ್ಟೆ. ನನ್ನ ಸಂಶೋಧನೆ ಕಪ್ಪೆಗಳ ಕೂಗಿನ ಮೇಲೆ. ಕಾಡಿನ ಹಳ್ಳ, ತೋಟದಂಚಿನ ಹಳ್ಳ, ರಸ್ತೆಬದಿಯ ಹಳ್ಳ, ಈ ಮೂರರಲ್ಲಿ ಯಾವ ಯಾವ ಕಪ್ಪೆ ಕೂಗುತ್ತದೆ, ಎಷ್ಟು ಕೂಗುತ್ತದೆ ಎಂಬ ಲೆಕ್ಕ. ಕಾಡಿನೊಳಗೆ ಹೋಗಲು ಇಲಾಖೆಯ ಅನುಮತಿಯಲ್ಲಿ ಹೆಸರಿರಬೇಕು, ಹಾಗಾಗಿ ಅಪ್ಪನನ್ನು ಕರೆದೊಯ್ಯುವುದು ತೋಟದಂಚಿನ ಹಳ್ಳಕ್ಕೆ ಮಾತ್ರ. ಇನ್ನೂರು ಮೀಟರಿನಲ್ಲಿ ಹತ್ತು ಪಾಯಿಂಟ್. ಪ್ರತಿ ಪಾಯಿಂಟಿನಲ್ಲಿ ಐದು ನಿಮಿಷ ಟಾರ್ಚ್ ಆರಿಸಿ ನಿಂತು ಕೇಳಬೇಕು. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಬೇಕು, ಮಾತಾಡುವಂತಿಲ್ಲ, ಒಬ್ಬರದ್ದನ್ನು ಒಬ್ಬರು ನೋಡುವಂತಿಲ್ಲ. ಯಾಕೆಂದರೆ ಒಬ್ಬರಿಗೆ ಕೇಳಿಸಿದ್ದು ಇನ್ನೊಬ್ಬರಿಗೆ ತಪ್ಪಿರಬಹುದು. ಇಬ್ಬರ ಹಾಳೆಯನ್ನೂ ಇಟ್ಟು ಲೆಕ್ಕ ಹಾಕಿದರೆ, ಇಬ್ಬರಿಗೂ ತಪ್ಪಿದ್ದು ಎಷ್ಟಿರಬಹುದು ಎಂಬ ಅಂದಾಜು ಸಿಗುತ್ತದೆ. ಕೇಳಿಸಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಕಪ್ಪೆ ಇಲ್ಲ ಎಂದಲ್ಲ. ನನ್ನ ಪಿಎಚ್.ಡಿ.ಯ ಅರ್ಧ ಗಣಿತ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಮೊಬೈಲಿನಲ್ಲಿ ನಾಲ್ಕು ಕೂಗುಗಳನ್ನು ಕೇಳಿಸಿದೆ. ಪ್ರತಿಯೊಂದಕ್ಕೂ ಅಪ್ಪ ತಲೆಯಾಡಿಸಿ "ಹೂಂ, ಗೊತ್ತಾಯ್ತು" ಅಂದ. ಸರಿ, ಕಲಿಯುವ ಆಸಕ್ತಿ ಇದೆ ಅಂದುಕೊಂಡೆ.

ಅಪ್ಪನಿಗೆ ಗೊತ್ತಿದ್ದ ಕಪ್ಪೆ ಶಾಸ್ತ್ರ ಎರಡೇ. ಒಂದು, ಮೊದಲ ಹದಮಳೆಗೆ ಕೆರೆಯಂಗಳದಲ್ಲಿ ರಾತ್ರಿಯಿಡೀ ವಟಗುಟ್ಟುವ ಹಳದಿ ಗೋಂಕರುಗಪ್ಪೆ. ಇನ್ನೊಂದು, ಮಳೆ ಬಾರದ ವರ್ಷ ಊರಲ್ಲಿ ಮಾಡಿಸುತ್ತಿದ್ದ ಕಪ್ಪೆ ಮದುವೆ. "ಎರಡು ಕಪ್ಪೆ ಹಿಡ್ದು, ಅರಿಶಿನ ಹಚ್ಚಿ, ತಾಳಿ ಕಟ್ಟಿ, ಮನೆಮನೇಗೆ ಮೆರವಣಿಗೆ. ನೀರು ಹುಯ್ಯೋರು" ಅಂದ. ಆಮೇಲೆ ಸ್ವಲ್ಪ ತಡೆದು, "ಕಪ್ಪೆಗೂ ಮದ್ವೆ ಮಾಡ್ದೋರು ನಾವು" ಅಂದ. ಮಾತು ಎತ್ತ ಹೊರಟಿದೆ ಎಂದು ತಿಳಿದು ನಾನು ಗಮ್‌ಬೂಟು ಹುಡುಕಲು ಎದ್ದೆ.

ರಾತ್ರಿ ಏಳೂವರೆಗೆ ಹೊರಟೆವು. ಉಂಬಳ ಹತ್ತದಂತೆ ಕಾಲಿಗೆ ಸುಣ್ಣ ತಂಬಾಕು ಸವರಿ, ಅದರ ಮೇಲೆ ಬಟ್ಟೆಯ ಕಾಲುಚೀಲ ಕಟ್ಟಿದ್ದೆ. ಅಪ್ಪನ ತಲೆಗೆ ಟಾರ್ಚ್ ಕಟ್ಟಿದಾಗ "ಒಂಟಿ ಹೆಡ್‌ಲೈಟು" ಎಂದು ಅವನಿಗೇ ನಗು. ಮಳೆ ನಿಂತಿತ್ತು. ಮಳೆ ನಿಂತ ಅರ್ಧ ಗಂಟೆಗೆ ಮಲೆನಾಡಿನ ಹಳ್ಳದ ಬದಿ ನಿಂತವರಿಗೆ ಗೊತ್ತು, ಅದು ಸದ್ದಿನ ಸಂತೆ. ಜೀರುಂಡೆಗಳು ಕಿವಿಯೊಳಗೇ ಕೂತು ಕೊರೆಯುತ್ತವೆ. ಅದರ ನಡುವೆ ಹೆಬ್ಬೆರಳಿನ ಉಗುರಿನಷ್ಟಿರುವ ಪೊದೆಗಪ್ಪೆಗಳು ಎಲೆ ಎಲೆಯಿಂದ ಟಿಂಗ್ ಟಿಂಗ್ ಅನ್ನುತ್ತವೆ, ಕೆಳಗೆ ನೀರು. ಮೊದಲ ಸಲ ಬಂದಾಗ ನನಗೆ ತಲೆನೋವು ಬಂದಿತ್ತು. ಮೂರನೇ ಪಾಯಿಂಟ್ ಮುಗಿಸಿ ಟಾರ್ಚ್ ಹಾಕಿದಾಗ ಅಪ್ಪ ಕಣ್ಣು ಮುಚ್ಚಿ ನಿಂತಿದ್ದ. "ಎಷ್ಟು ತಣ್ಣಗಿದೆ ನೋಡವ್ವ. ನೀರು ಬಿಟ್ರೆ ಒಂದು ಸದ್ದಿಲ್ಲ" ಅಂದ.

ನನಗೆ ಖುಷಿಯಾಯಿತು. ನಿಜ ಹೇಳುತ್ತೇನೆ, ಲಾರಿ ಇಂಜಿನ್ನಿನ ಜೊತೆ ಬದುಕಿದವನಿಗೆ ಕಾಡಿನ ಗದ್ದಲವೂ ಮೌನವಾಗಿ ಕಾಣುತ್ತಿದೆಯಲ್ಲ ಎಂದು ಏನೇನೋ ದೊಡ್ಡದಾಗಿ ಯೋಚಿಸಿದೆ. ಅದನ್ನು ಪ್ರಬಂಧಕ್ಕೆ ಬಳಸಿಕೊಳ್ಳಬಹುದು ಎಂದೂ ಅನ್ನಿಸಿತು. ಓದಿದವರ ರೋಗ ಇದು.

ಹತ್ತಕ್ಕೆ ಕ್ಯಾಂಪಿಗೆ ಬಂದು ಅಪ್ಪನ ಹಾಳೆ ನೋಡಿದೆ. ಟ್ರಿಪ್‌ಶೀಟ್ ಬರೆದು ಪಳಗಿದ ಉರುಟು ಅಕ್ಷರ. ದಿನಾಂಕ, ಸಮಯ, ಪಾಯಿಂಟ್ ನಂಬರ್ ಎಲ್ಲ ಅಚ್ಚುಕಟ್ಟು. ಆದರೆ ಹತ್ತೂ ಪಾಯಿಂಟಿನ ಎದುರು ಬರೆದದ್ದು ಒಂದೇ ಪದ: "ನೀರು". ನನ್ನ ಹಾಳೆಯಲ್ಲಿ ಒಟ್ಟು ನಲವತ್ತೇಳು ಕೂಗು ಇತ್ತು. ಒದ್ದೆ ಬಟ್ಟೆ, ಉಂಬಳ ಕಚ್ಚಿದ ತುರಿಕೆ, ಒಂದು ರಾತ್ರಿಯ ಕೆಲಸ ಹಾಳಾದ ಸಂಕಟ ಎಲ್ಲ ಸೇರಿ ಬಾಯಿಗೆ ಬಂದದ್ದು ಅಂದುಬಿಟ್ಟೆ. "ಮಧ್ಯಾಹ್ನ ಅಷ್ಟೊತ್ತು ಹೇಳಿಕೊಟ್ನಲ್ಲಪ್ಪ, ಕೇಳಿಸ್ಕೊಳ್ಳೋದೇ ಇಲ್ವಲ್ಲ ನೀನು! ಯಾವತ್ತಾದ್ರೂ ಯಾರ ಮಾತಾದ್ರೂ ಕೇಳಿಸ್ಕೊಂಡಿದೀಯಾ?" ಅಮ್ಮ ಮೂವತ್ತು ವರ್ಷದಿಂದ ಹೇಳುತ್ತಾ ಬಂದ ವಾಕ್ಯ ಅದು, ಅದೇ ರಾಗದಲ್ಲಿ ನನ್ನ ಬಾಯಿಂದ ಬಂತು. ಅಪ್ಪ ಏನೂ ಹೇಳಲಿಲ್ಲ. ಈ ಸಲ ನಗಲೂ ಇಲ್ಲ. ಕಾಲುಚೀಲ ಬಿಚ್ಚಿ ಹಿಂಡಿ ಹಗ್ಗಕ್ಕೆ ಹಾಕಿ ಮಲಗಿದ.

ನಾನು ರೆಕಾರ್ಡರಿನ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಪ್ರತಿರಾತ್ರಿಯ ಅಭ್ಯಾಸ. ಸ್ಪೆಕ್ಟ್ರೋಗ್ರಾಮ್ ಅಂದರೆ ಸದ್ದಿನ ಚಿತ್ರ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ತಳದಲ್ಲಿ ನೀರಿನ ಸದ್ದು ಮಂಜಿನ ಹಾಗೆ ಹರಡಿರುತ್ತದೆ. 2000 ಹರ್ಟ್ಸ್‌ನಿಂದ ಮೇಲೆ ಪೊದೆಗಪ್ಪೆಗಳು ಅಲ್ಪವಿರಾಮ ಇಟ್ಟ ಹಾಗೆ ಸಾಲಾಗಿ. ಅದರ ಮೇಲೆ, 4000 ದಾಟಿ, ಜೀರುಂಡೆಗಳ ದಪ್ಪ ಪಟ್ಟಿ, ತೆರೆಯ ಈ ತುದಿಯಿಂದ ಆ ತುದಿಯವರೆಗೆ. ಸಾವಿರ ಸಲ ನೋಡಿದ ಚಿತ್ರ. ಅದನ್ನೇ ನೋಡುತ್ತಾ ಕೂತವಳಿಗೆ "ನೀರು ಬಿಟ್ರೆ ಒಂದು ಸದ್ದಿಲ್ಲ" ಎಂಬ ಮಾತು ಮತ್ತೆ ನೆನಪಾಯಿತು. ತೆರೆಯ ಮೇಲ್ಭಾಗವನ್ನು ಅಂಗೈಯಿಂದ ಮುಚ್ಚಿದೆ. ಉಳಿದದ್ದು ನೀರು ಮಾತ್ರ. ಅಪ್ಪ ಸರಿಯಾಗಿಯೇ ಬರೆದಿದ್ದ.

ರಾತ್ರಿ ನಿದ್ದೆ ಬರಲಿಲ್ಲ. ಹಳೆಯದೆಲ್ಲ ಒಂದೊಂದಾಗಿ ಬೇರೆ ಬೆಳಕಿನಲ್ಲಿ ಕಾಣತೊಡಗಿತು. ಟೀವಿ ಸದ್ದಿಗೆ ಅಮ್ಮನ ಜಗಳ. ಮದುವೆ ಮನೆಗಳಲ್ಲಿ ಅಪ್ಪ ಹೊರಗಿನ ಚಪ್ಪರದ ಕಂಬಕ್ಕೊರಗಿ ಒಬ್ಬನೇ ಕೂರುತ್ತಿದ್ದದ್ದು. ಫೋನ್ ಮಾಡಿದರೆ ನಲವತ್ತು ಸೆಕೆಂಡಿನಲ್ಲಿ "ತಗೋ, ಅಮ್ಮನಿಗೆ ಕೊಡ್ತೀನಿ". ನಮ್ಮ ಹೆಂಗಸರ ದನಿ ತೆಳು. ಸ, ಶ, ತ, ಕ ಇವೆಲ್ಲ ಮೇಲಿನ ಸ್ತರದಲ್ಲೇ ಹುಟ್ಟುವ ಸದ್ದುಗಳು. ಅವು ಉದುರಿಹೋದರೆ ಸ್ವರಗಳು ಮಾತ್ರ ಉಳಿಯುತ್ತವೆ. ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಎದುರಿಗಿದ್ದರೆ ತುಟಿ ನೋಡಿ ಅರ್ಧ ಹಿಡಿಯಬಹುದು, ಫೋನಿನಲ್ಲಿ ಅದೂ ಇಲ್ಲ. ದೊಡ್ಡ ಸದ್ದಿನಲ್ಲಿ ದುಡಿದವರ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್‌ನ ಆಸುಪಾಸನ್ನು ಎಂದು ನಾನು ಓದಿದ್ದೇನೆ, ಜೂನಿಯರ್‌ಗಳಿಗೆ ಪಾಠವನ್ನೂ ಮಾಡಿದ್ದೇನೆ. ಕಪ್ಪೆಗಳ ವಿಷಯದಲ್ಲಿ ನಾನು ಎಂದೂ ಮಾಡದ ತಪ್ಪು, ಉತ್ತರ ಬರಲಿಲ್ಲ ಎಂದು ಇಲ್ಲ ಅಂತ ಬರೆದುಕೊಳ್ಳುವ ತಪ್ಪು, ಅದನ್ನೇ ಮನೆಯಲ್ಲಿ ಇಷ್ಟು ವರ್ಷ ಮಾಡಿದ್ದೆ.

ಭಾನುವಾರ ಬೆಳಗ್ಗೆ ನೇರವಾಗಿ ಕೇಳಲು ಧೈರ್ಯ ಬರಲಿಲ್ಲ. ಹೆಡ್‌ಫೋನ್ ಕೊಟ್ಟು, "ಮಿಷಿನ್ ಟೆಸ್ಟ್ ಮಾಡ್ಬೇಕು, ಸದ್ದು ಬಂದಾಗ ಬೆರಳೆತ್ತು" ಅಂದೆ. ಜೋರಾಗಿ, ನಿಧಾನಕ್ಕೆ, ಮುಖ ನೋಡುತ್ತಾ ಹೇಳಿದೆ. 500ಕ್ಕೆ ಬೆರಳು ಎದ್ದಿತು. 1000ಕ್ಕೂ ಎದ್ದಿತು. 2000ಕ್ಕೆ ತಡವಾಗಿ. 3000ಕ್ಕೆ ವಾಲ್ಯೂಮ್ ಮುಕ್ಕಾಲು ಏರಿಸಿದ ಮೇಲೆ, ಅದೂ ಅನುಮಾನದಲ್ಲಿ. 4000ಕ್ಕೆ ಬೆರಳು ಮಂಡಿಯ ಮೇಲೇ ಇತ್ತು. ಅಪ್ಪ ನನ್ನ ಮುಖ ನೋಡುತ್ತಿದ್ದ. ಡ್ರೈವರು ಎದುರಿನ ಗಾಡಿಯ ಚಲನೆಯನ್ನು ನೋಡುವ ಹಾಗೆ. ಹೆಡ್‌ಫೋನ್ ತೆಗೆದು ಮಡಿಲಿಗಿಟ್ಟು, "ಮಿಷಿನ್ ಸರಿಯಾಗಿದೆ ಬಿಡವ್ವ" ಅಂದ.

ಅಷ್ಟೇ. ಅದಾದ ಮೇಲೆ ಅವನು ಅಂಗಳದ ಚರಂಡಿ ಬಿಡಿಸಲು ಗುದ್ದಲಿ ಹಿಡಿದು ಹೋದ, ನಾನು ಡೇಟಾ ತುಂಬಿಸುತ್ತಾ ಕೂತೆ. ಮಧ್ಯಾಹ್ನ ಊಟಕ್ಕೆ ತೋಟದವರ ಮನೆಯಿಂದ ಹಲಸಿನಹಣ್ಣಿನ ಕಡುಬು ಬಂತು. ಅಪ್ಪ ನಾಲ್ಕು ತಿಂದ.

ಭಾನುವಾರ ರಾತ್ರಿ ಅವನೇ ಹೊರಟು ನಿಂತ. ನಾನು ಸಮೀಕ್ಷೆ ಬೇಡ ಅಂದೆ, ಸುಮ್ಮನೆ ಕುಂಬಾರನನ್ನು ತೋರಿಸುತ್ತೇನೆ ಬಾ ಅಂದೆ. ಕುಂಬಾರ ಕಪ್ಪೆ ನಮ್ಮ ಈ ಭಾಗದ ಹಳ್ಳಗಳ ವಿಶೇಷ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ಹೊಸ ಪ್ರಭೇದ ಎಂದು ಪ್ರಕಟಿಸಿದಾಗ, ವೈಜ್ಞಾನಿಕ ಹೆಸರಿನಲ್ಲೇ ಕುಂಬಾರ ಎಂಬ ಕನ್ನಡ ಪದ ಇಟ್ಟರು. ನೀರಿನ ಮೇಲೆ ಚಾಚಿದ ಕಡ್ಡಿ, ಕೊಂಬೆಗೆ ಹೆಣ್ಣು ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಹಿಂಗಾಲಿನ ಮೇಲೆ ನಿಂತು, ಹಳ್ಳದ ತಳದ ಕೆಸರನ್ನು ಮುಂಗಾಲಿನಲ್ಲಿ ಬಾಚಿ ಬಾಚಿ ತಂದು ಮೊಟ್ಟೆಗೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲೆಂದೋ, ತಿನ್ನುವವರ ಕಣ್ಣಿಗೆ ಬೀಳದಿರಲೆಂದೋ. ಹಿಂದಿನ ವಾರ ನೋಡಿಟ್ಟಿದ್ದ ಜಾಗದಲ್ಲಿ ಕಡ್ಡಿಗೆ ಮೆತ್ತಿದ ಕೆಸರಿನ ಉಂಡೆ ಇತ್ತು. ಟಾರ್ಚಿನ ಬೆಳಕನ್ನು ಕೈಯಿಂದ ಮಂದ ಮಾಡಿ ತೋರಿಸಿದೆ. ಅಪ್ಪ ಬಗ್ಗಿ ಬಹಳ ಹೊತ್ತು ನೋಡಿ, "ಮತ್ತೆ ಹೆಣ್ಣು?" ಅಂತ ಕೇಳಿದ. "ಹೋಗ್ಬಿಡ್ತದೆ." "ನಮ್ಮನೇಲಿ ಉಲ್ಟಾ" ಅಂದ. ಕಪ್ಪೆಯಿಂದ ಮನುಷ್ಯರ ಕಡೆಗೆ ಹೋಲಿಕೆ ಎಳೆಯಬಾರದು ಎನ್ನುವುದು ನಮ್ಮ ಗೈಡ್ ಹೇಳಿಕೊಟ್ಟ ಮೊದಲ ಪಾಠ. ಅದು ಅಪ್ಪನಿಗೆ ಅನ್ವಯಿಸುವುದಿಲ್ಲ.

ಟಾರ್ಚ್ ಆರಿಸಿ ಕಲ್ಲಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ದಂಡೆಯ ಕಲ್ಲಿನ ಸಂದಿನಿಂದ ಟಕ್, ಟಕ್ ಎಂದಿತು. ಈ ಕಪ್ಪೆಯದು ತಗ್ಗಿನ ದನಿ, ಯಾರೋ ಮರದ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಅಪ್ಪ ನನ್ನ ಮೊಣಕೈ ಹಿಡಿದ. "ಅಲ್ಲಿ" ಅಂದ. ಮತ್ತೆ ಟಕ್. "ಅಲ್ಲೇ, ಎಡಕ್ಕೆ."

ಕತ್ತಲಲ್ಲಿ ಅವನು ಮಾತಾಡಿದ. ತುಟಿ ಕಾಣದ ಕತ್ತಲಲ್ಲಿ ನಾನು ಮಾತಾಡಿ ಪ್ರಯೋಜನವಿಲ್ಲವೆಂದು ನಾನು ಸುಮ್ಮನಿದ್ದೆ. ಈ ಘಟ್ಟಗಳು ತನಗೆ ಗೊತ್ತು, ಆದರೆ ಹೆಡ್‌ಲೈಟಿನಷ್ಟು ಅಗಲ ಮಾತ್ರ ಗೊತ್ತು ಅಂದ. ಆಗಿನ ಗಾಡಿಗಳಲ್ಲಿ ಇಂಜಿನ್ನು ಕ್ಯಾಬಿನ್ನಿನ ಒಳಗೇ, ಮಗ್ಗುಲಿಗೆ. ಬಾನೆಟ್ಟಿನ ಮೇಲೆ ಗೋಣಿಚೀಲ ಹಾಸಿದರೂ ಕಾಲು ಸುಡುತ್ತಿತ್ತು. "ಎಡಗಿವಿ ಇಂಜಿನ್ನಿಗೆ ಕೊಟ್ಟೆ, ಬಲಗಿವಿ ಹಾರನ್ನಿಗೆ." ಹತ್ತು ವರ್ಷದ ಹಿಂದೆಯೇ ಗೊತ್ತಾಗಿತ್ತಂತೆ. ಆದರೆ ಲೈಸೆನ್ಸ್ ರಿನ್ಯೂವಲ್ಲಿಗೆ ಡಾಕ್ಟರ್ ಸರ್ಟಿಫಿಕೇಟು ಬೇಕು, ಅದರಲ್ಲಿ ಕಿವಿಯ ಕಾಲಂ ಇದೆ. ಬರೆಸಿಕೊಂಡ. ಬರೆದುಕೊಟ್ಟವರು ತಲೆ ಎತ್ತಿ ನೋಡಲಿಲ್ಲ. ನಾಲ್ಕು ವರ್ಷದ ಹಿಂದೆ ಹಿರಿಯೂರಿನ ಹತ್ತಿರ ಹೆದ್ದಾರಿಯಲ್ಲಿ ಹಿಂದಿನಿಂದ ಆಂಬುಲೆನ್ಸ್ ಬರುತ್ತಿತ್ತು. ಎಷ್ಟು ಹೊತ್ತಿನಿಂದ ಬರುತ್ತಿತ್ತೋ ಗೊತ್ತಿಲ್ಲ. ಕೊನೆಗೆ ಎಡಗಡೆಯಿಂದ ನುಗ್ಗಿ ಮುಂದೆ ಹೋಗುವಾಗ ಅದರ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಬೈದ. ಬೈಗುಳವೂ ಕೇಳಲಿಲ್ಲ, ಬಾಯಿ ಮಾತ್ರ ಕಂಡಿತು. "ಒಳಗೆ ಯಾರಿದ್ರೋ, ಏನಾಯ್ತೋ" ಅಂದ. ಆ ಲೋಡು ಇಳಿಸಿ, ಕೀಲಿ ಓನರಿಗೆ ಕೊಟ್ಟು ಬಂದ. ಮನೆಯಲ್ಲಿ ಮಂಡಿ ನೋವು ಅಂದ.

ನಾನು ಟಾರ್ಚ್ ಹಾಕಿ ನನ್ನ ಮುಖದ ಕಡೆಗೆ ತಿರುಗಿಸಿಕೊಂಡೆ. ಕೇಳಬೇಕಾದ್ದು ಒಂದಿತ್ತು. 2022ರ ನವೆಂಬರ್. ಏಳು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ, ಮೊದಲ ಪೇಪರ್ ತಿರಸ್ಕೃತವಾಗಿ ಬಂದಿತ್ತು, ಹಾಸ್ಟೆಲ್ ಮೆಸ್ಸಿನ ಬಾಕಿಗೆ ನನ್ನ ಹೆಸರು ನೋಟಿಸ್ ಬೋರ್ಡಿನಲ್ಲಿತ್ತು. ರಾತ್ರಿ ನೀರಿನ ಟ್ಯಾಂಕಿನ ಕೆಳಗೆ ನಿಂತು, ಅಮ್ಮನಿಗಲ್ಲ, ಬೇಕೆಂದೇ ಅಪ್ಪನಿಗೆ ಫೋನ್ ಮಾಡಿದ್ದೆ. "ಅಪ್ಪಾ, ಎಲ್ಲ ಬಿಟ್ಟು ಬಂದ್ಬಿಡ್ಲಾ?" ಎಂದು ಕೇಳಿದ್ದೆ. "ಹೂಂ, ಬಾ" ಎಂದು ಇಟ್ಟುಬಿಟ್ಟಿದ್ದ. ಅಷ್ಟು ಸುಲಭವಾಗಿ. ನನ್ನ ಓದು ಇವನಿಗೆ ಇಷ್ಟೇ ಎಂದು ಆ ರಾತ್ರಿ ತೀರ್ಮಾನಿಸಿದ್ದೆ. ಅವನ ಮೇಲಿನ ಹಟಕ್ಕೇ ಆಮೇಲಿನ ಒಂದು ವರ್ಷ ಕೆಲಸ ಮಾಡಿದ್ದೆ.

"ನೆನಪಿದೆಯಾ?" ಅಂದೆ.

ನೆನಪಿತ್ತು. "ಅಳ್ತಿದೀಯ ಅಂತ ಗೊತ್ತಾಯ್ತು. ಏನಂತೀಯ ಗೊತ್ತಾಗ್ಲಿಲ್ಲ. ಬಾ ಅಂದ್ರೆ ತಪ್ಪಾಗಲ್ಲ ಅಂದ್ಕಂಡೆ."

ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಅಮ್ಮನ್ನಾದ್ರೂ ಕೇಳ್ಬಹುದಿತ್ತಲ್ಲ? ನನಗೆ ತಿರುಗಿ ಒಂದು ಮಾತು?" ಅಂದೆ. ಅಪ್ಪ ಹಳ್ಳದ ಕಡೆ ನೋಡಿದ. "ತಾಡಪಾಲಿನ ಗಂಟು ಕಣವ್ವ. ಮಳೇಲಿ ನೆಂದ್ರೆ ಕಟ್ದೋನಿಗೂ ಬಿಚ್ಚಕ್ಕಾಗಲ್ಲ" ಅಂದ. ಅದು ಉತ್ತರವೇ ಅಲ್ಲ. ಆ ವಾರ ಅವನು ಕೇಳಬಹುದಿತ್ತು, ಕೇಳಲಿಲ್ಲ. ಎಲ್ಲವನ್ನೂ ಕಿವಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ನನಗೆ ಇವತ್ತಿಗೂ ಮನಸ್ಸಿಲ್ಲ. ಮನೆಯಲ್ಲಿ ಇರದಿದ್ದುದು ಕಿವಿಯಿಂದಲ್ಲ. ಆದರೆ ಆ "ಬಾ" ಮಾತ್ರ ಬೇರೆ ಆಯಿತು. ಮೂರು ವರ್ಷ ನಾನು ಓದಿಕೊಂಡಿದ್ದ ಹಾಗೆ ಅದು ಇರಲಿಲ್ಲ.

ಸೋಮವಾರ ಬೆಳಗ್ಗೆ ಬಸ್ಸಿಗೆ ಹತ್ತಿಸಿದೆ. ಹಿಂದಿನ ರಾತ್ರಿ ಅಷ್ಟು ಮಾತಾಡಿದವನು ರಸ್ತೆಯವರೆಗೆ ಒಂದು ಮಾತೂ ಆಡಲಿಲ್ಲ. ನನ್ನ ಹಳೆಯ ಛತ್ರಿ ಕೊಟ್ಟೆ. ಅಮ್ಮನಿಗೆ ಹೇಳಬೇಡ ಅಂದ. ಹೇಳ್ತೀನಿ ಅಂದೆ. ಹೇಳಿದೆ. ಅವಳು ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇಷ್ಟು ವರ್ಷ ನಾನ್ ಬೈದಿದ್ದೂ ಕೇಳಿಲ್ವಾ?" ಅಂದಳು. ಅವಳಿಗೆ ಅದು ಸಮಾಧಾನವೋ ನಷ್ಟವೋ ಗೊತ್ತಾಗಲಿಲ್ಲ.

ದಸರಾ ಕಳೆದ ಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಸರಿಯಾಗಿ ಪರೀಕ್ಷೆ ಮಾಡಿದರು. ಅವರು ಕೊಟ್ಟ ಹಾಳೆಯ ಮೇಲಿನ ಗೆರೆ 2000ದವರೆಗೆ ನಿಧಾನ ಇಳಿದು ಆಮೇಲೆ ಘಟ್ಟ ಇಳಿದಂತೆ ಇಳಿದಿತ್ತು. ಎರಡೂ ಕಿವಿಗೆ ಮಿಷಿನ್ ಆಯಿತು. ಅಪ್ಪ ಅದನ್ನು ಹೆಚ್ಚಾಗಿ ಕರ್ಚೀಫಿನಲ್ಲಿ ಸುತ್ತಿ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಹಾಕಿಕೊಂಡರೆ ತಟ್ಟೆ ಲೋಟದ ಸದ್ದು ತಲೆಗೆ ಹೊಡೆಯುತ್ತದಂತೆ. ನಾನು ಈಗ ಫೋನಿನಲ್ಲಿ ದನಿ ತಗ್ಗಿಸಿ, ದಪ್ಪ ಮಾಡಿಕೊಂಡು, ಪದ ಪದ ಬಿಡಿಸಿ ಮಾತಾಡುತ್ತೇನೆ. ರೂಮ್‌ಮೇಟ್ ನಗುತ್ತಾಳೆ. ಕೆಲವು ದಿನ ಮೂರು ನಿಮಿಷ ದಾಟುತ್ತದೆ. ಕೆಲವು ದಿನ ಅದೇ ನಲವತ್ತು ಸೆಕೆಂಡು.

ಆ ಶನಿವಾರದ ಡೇಟಾ ಏನು ಮಾಡುವುದು ಎಂದು ಗೈಡ್ ಹತ್ತಿರ ಕೇಳಿದೆ. ಎರಡನೇ ಕೇಳುಗನ ಹಾಳೆ ಲೆಕ್ಕಕ್ಕೆ ಬರುವುದಿಲ್ಲ, ತೆಗೆದುಬಿಡು ಅಂದರು. ಲೆಕ್ಕದಿಂದ ತೆಗೆದೆ. ಹಾಳೆ ಫೈಲಿನಲ್ಲಿದೆ, ಅಂಚಿನಲ್ಲಿ ಒಣಗಿದ ಕೆಸರು, ಹತ್ತು ಸಲ "ನೀರು". ಅದರ ಹಿಂಬದಿಯಲ್ಲಿ, ಭಾನುವಾರದ ದಿನಾಂಕ ಹಾಕಿ, ನಾನು ಹೇಳದೆ ಅವನೇ ಬರೆದದ್ದು ಇನ್ನೊಂದು ಸಾಲಿದೆ. "ರಾತ್ರಿ 8.50. ಟಕ್ ಟಕ್. 1. ಎಡಕ್ಕೆ."